ಶಂಕ್ರವ್ವನ ಬಚ್ಚಲಮನೆ

"ಆ ಕಲ್ಲು ನಿಮಗ ಕೊಡೂದಿಲ್ರಿ."

ದಾನೇಶ್ವರಿಯ ಮಾತಿಗೆ ಕಿರಣಕುಮಾರ ತಬ್ಬಿಬ್ಬಾದ. ಚಿಗಳ್ಳಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅವನು, ಮುಂಡಗೋಡದಲ್ಲಿ ಅವಳು ಅಪ್ಪನ ಜೊತೆ ನಡೆಸುವ ಕಲ್ಲಿನ ಅಂಗಡಿಯಲ್ಲಿ ಮುಖ ಕಾಣುವಷ್ಟು ಹೊಳೆಯುವ ಬಿಳಿ ಮಾರ್ಬಲ್ ಆರಿಸಿದ್ದ. ಬಚ್ಚಲಮನೆಯ ನೆಲಕ್ಕೆ!

ಅವನ ಅವ್ವ ಶಂಕ್ರವ್ವ ಹಳೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳಿಗೆ ಅರಮನೆಯಂಥ ಬಚ್ಚಲಮನೆ ಕಟ್ಟಿಸಬೇಕೆಂಬುದು ಅವನ ಹಟ.

ದಾನೇಶ್ವರಿ ವಾದಕ್ಕಿಳಿಯಲಿಲ್ಲ. ಮಾರ್ಬಲ್ ತುಂಡಿನ ಮೇಲೆ ಸಾಬೂನು ನೀರು ಸುರಿದು, ಚಪ್ಪಲಿ ಬಿಟ್ಟು ನಿಲ್ಲಲು ಹೇಳಿದಳು. ಒಂದು ಹೆಜ್ಜೆ ಇಟ್ಟವನು ಸರ್ರನೆ ಜಾರಿದ. ಅವಳು ಮೊಣಕೈ ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದ.

ಆ ಹಿಡಿತ ಬಿಡಲು ಇಬ್ಬರಿಗೂ ತುಸು ತಡವಾಯಿತು...

ಕೊನೆಗೆ ಅವಳು ತೋರಿಸಿದ, ಹೊಳಪು ಕೊಡದ ಕರಿ ಗ್ರಾನೈಟನ್ನೇ ಅವನು ಒಪ್ಪಿದ. ಆಮೇಲೆ ಗೋಡೆಯ ಟೈಲ್ಸ್‌ಗೆಂದು ಬಂದ. ಹಿತ್ತಾಳೆ ಬಣ್ಣದ ನಲ್ಲಿಗೆಂದು ಬಂದ. ಅವನ ಬೈಕಿನ ಸದ್ದಿಗೆ ತಾನು ಕಿವಿಗೊಟ್ಟು ಕೂರುತ್ತಿದ್ದೇನೆಂದು ಅವಳಿಗೆ ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು.

ಒಂದು ಗುರುವಾರ ಕೆಲಸ ನೋಡಲು ಚಿಗಳ್ಳಿಗೆ ಹೋದವಳು ಅಂಗಳದಲ್ಲೇ ನಿಂತುಬಿಟ್ಟಳು. ಅವಳ ಕರಿ ಕಲ್ಲುಗಳು ಒಡೆದು ರಾಶಿಯಾಗಿ ಬಿದ್ದಿದ್ದವು.

'ಕಿತ್ತು ಹಾಕಿಸಿದನೇ? ನನ್ನ ಮಾತಿಗೆ ಇಷ್ಟೇ ಬೆಲೆಯೇ?'

ಆದರೆ ಹಿಂದಿರುಗಲಿಲ್ಲ. ನೇರವಾಗಿ ಒಳಗೆ ಹೋದಳು.

"ನನ್ನ ಮ್ಯಾಲೆ ನಂಬಿಕಿ ಇರ್ಲಿಲ್ಲಂದ್ರ ಮೊದಲ ಹೇಳಬೇಕಿತ್ರಿ."

ಕಿರಣ ತಲೆ ತಗ್ಗಿಸಿದ. ಉತ್ತರ ಬಂದದ್ದು ಮಂಚದ ಮೇಲಿದ್ದ ಶಂಕ್ರವ್ವನಿಂದ.

"ನೀ ಕಳಿಸಿದ್ದ ಗೌಂಡಿ ಪರಸಪ್ಪ ಕಲ್ಲು ಹಾಸೂವಾಗ ಇಳಿಜಾರು ತಪ್ಪಿಸಿದ್ನವ್ವಾ, ನೀರು ನಿಲ್ಲಾಕತ್ತಿತ್ತು. ನಿನಗ ಗೊತ್ತಾದ್ರ ಕೆಲಸದಿಂದ ಬಿಡಸ್ತಿ ಅಂತ ಅಂವ ಅತ್ತುಬಿಟ್ಟ. ಅದಕ್ಕ ಇಂವ ಬಾಯಿ ಮುಚ್ಚಿಕೊಂಡಾನ."

ಅವಳಿಗೆ ತಿಳಿಯದಿರಲೆಂದು ಕಿರಣ ಅದೇ ಕಲ್ಲನ್ನು ಹುಬ್ಬಳ್ಳಿಯಿಂದ ಮತ್ತೆ ತರಿಸುತ್ತಿದ್ದನಂತೆ. ದಾನೇಶ್ವರಿಗೆ ಮುಖವೆತ್ತಲಾಗಲಿಲ್ಲ. ಕ್ಷಮೆ ಕೇಳಿದಳು. ಪರಸಪ್ಪನನ್ನು ಕರೆಸಿ, ಕೆಲಸ ಅವನೇ ಮುಗಿಸಬೇಕು, ತಾನು ಜೊತೆಗಿರುತ್ತೇನೆ ಎಂದಳು.

ಕಲ್ಲು ಬಂದ ಮೇಲೆ ಮೂರು ದಿನ ಎದುರಿಗೇ ನಿಂತು ಹಾಸಿಸಿದಳು. ಮತ್ತೆ ಮತ್ತೆ ಕೊಡಪಾನದಿಂದ ನೀರು ಸುರಿದು, ಕೊನೆಯ ಹನಿಯವರೆಗೂ ಹರಿದುಹೋಗುವುದನ್ನು ನೋಡಿದಳು.

ನೆಲ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಶಂಕ್ರವ್ವ ಗೋಡೆಯ ಹಿಡಿಕೆ ಹಿಡಿದು ತಾನೇ ಒಳಗೆ ಹೋದಳು. ಬಿದ್ದ ಏಳು ತಿಂಗಳ ನಂತರ, ಯಾರ ಕೈಯನ್ನೂ ಹಿಡಿಯದೆ. ನೀರು ಹೊಯ್ದುಕೊಳ್ಳುವ ಸದ್ದು ಕೇಳಿ ಹೊರಗೆ ನಿಂತಿದ್ದ ಕಿರಣನ ಕಣ್ಣು ತುಂಬಿತು. ಪಕ್ಕದಲ್ಲಿ ದಾನೇಶ್ವರಿಯಿದ್ದಳು.

"ಕೆಲಸ ಮುಗೀತು," ಅವನು ಅವಳತ್ತ ತಿರುಗಿದ. "ನಿಮ್ಮ ಅಂಗಡಿಗೆ ಬರಾಕ ಇನ್ನ ಯಾವ ನೆವಾನೂ ಉಳೀಲಿಲ್ಲ. ನಲ್ಲಿ ಬಣ್ಣ ಆರಿಸಾಕ ಯಾರರ ಐದು ಸಲ ಬರ್ತಾರೇನ್ರಿ? ನಿಮ್ಮನ್ನ ನೋಡಾಕ ಬರ್ತಿದ್ದೆ."

ಈ ಸಲ ಅವಳು ಮೊಣಕೈಯನ್ನಲ್ಲ, ಅವನ ಕೈಯನ್ನೇ ಹಿಡಿದಳು.

"ಸಂಜಿಮುಂದ ಅಪ್ಪಾ ಅಂಗಡ್ಯಾಗ ಇರ್ತಾರ. ಬರ್ರಿ. ಕಲ್ಲು ಕೇಳಬ್ಯಾಡ್ರಿ... ನನ್ನ ಕೇಳ್ರಿ."

"ಅವರು ಇಲ್ಲ ಅಂದ್ರ?"

"ಮರುದಿನಾನೂ ಬರ್ರಿ."