ನಾಲ್ಕು ಪರ್ಸೆಂಟ್

ಆವತ್ತು ಸಂಜೆ ಮಗಳು ವಚನಾಗೆ ಉಬ್ಬಸ ಜೋರಾಗಿ ತುಟಿ ನೀಲಿಯಾಗತೊಡಗಿತು. ಆಟೋ ಒಂದೂ ಸಿಗಲಿಲ್ಲ. ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಮೀಟರ್ ನಾಲ್ಕು ಪರ್ಸೆಂಟ್ ಚಾರ್ಜ್ ತೋರಿಸುತ್ತಿತ್ತು. ಬೇರೆ ದಾರಿಯಿಲ್ಲದೆ ಅವಳನ್ನು ಹಿಂದೆ ಕೂರಿಸಿ, ಟವೆಲ್ಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು, ಮಲ್ಲತ್ತಹಳ್ಳಿಯಿಂದ ರಾಜಾಜಿನಗರದ ಆಸ್ಪತ್ರೆಗೆ ಹೊರಟೆ.

ಕೆರೆ ದಾಟುತ್ತಿದ್ದಂತೆ ಮೋಟಾರಿನ ಸದ್ದು ನಿಂತಿತು. ಗಾಡಿ ಮಾತ್ರ ನಿಲ್ಲದೆ ಏರು ಹತ್ತಿತು. ಮೀಟರಿನಲ್ಲಿ ನಾಲ್ಕು ನಾಲ್ಕಾಗಿಯೇ ಇತ್ತು. ನನ್ನ ಎಡಗಾಲಿಗೆ ಹಿಂದಿನಿಂದ ತಣ್ಣನೆಯ ಗಾಳಿ ತಾಗುತ್ತಿತ್ತು.

"ಅಪ್ಪಾ, ಆ ಅಣ್ಣಂಗೆ ಥ್ಯಾಂಕ್ಸ್ ಹೇಳು," ಎಂದಳು ಏದುಸಿರಿನಲ್ಲೇ.

"ಯಾವ ಅಣ್ಣ ಪುಟ್ಟಿ?"

"ಫುಟ್‌ರೆಸ್ಟಿಗೆ ಕಾಲು ಕೊಟ್ಟು ತಳ್ತಾ ಇದಾರಲ್ಲ, ಅವ್ರು. ಅವ್ರಿಗೆ ಗಾಡೀನೇ ಇಲ್ಲ ಅಪ್ಪಾ."

ಕನ್ನಡಿಯಲ್ಲಿ ನಮ್ಮ ಹಿಂದೆ ಯಾರೂ ಕಾಣಲಿಲ್ಲ. ತಿರುಗಿ ನೋಡಿದರೆ ಗಾಡಿ ನಿಂತುಬಿಡಬಹುದೆಂದು ನಾನು ನೋಡಲೇ ಇಲ್ಲ.

ಮಗಳು ಉಳಿದಳು. ಮರುದಿನ ಮೆಕ್ಯಾನಿಕ್ ಗಿರಿರಾಜ್ ಬ್ಯಾಟರಿ ನೋಡಿ ತಲೆ ಕೆರೆದುಕೊಂಡ. "ಸಾರ್, ಇದು ಮನೆ ಬಿಟ್ಟು ಒಂದು ಕಿಲೋಮೀಟರೂ ಓಡಿಲ್ಲ, ಸತ್ತೋಗಿದೆ. ಮೀಟರ್ ಹಳೇ ನಂಬರಲ್ಲೇ ನಿಂತಿದೆ. ಅಷ್ಟು ದೂರ ಯಾರ್ ತಳ್ಳಿದ್ರು?"

ಹೊಸ ಬ್ಯಾಟರಿ ಹಾಕಿಸಿದ್ದೇನೆ. ವಚನಾಳ ಕಾಲು ಇನ್ನೂ ಎಟುಕದ್ದರಿಂದ ಹಿಂದಿನ ಫುಟ್‌ರೆಸ್ಟುಗಳನ್ನು ಮಡಿಚಿಯೇ ಇಡುತ್ತಿದ್ದೆ. ಆದರೆ ದಿನಾ ಬೆಳಿಗ್ಗೆ ಎಡಗಡೆಯದು ಬಿಚ್ಚಿಕೊಂಡಿರುತ್ತಿತ್ತು.

ಈಗ ಅದನ್ನು ನಾನೇ ಬಿಚ್ಚಿಟ್ಟು ಮಲಗುತ್ತೇನೆ.