ನೊಮೋಂಡೆಯ ಮರಣಪತ್ರ

"ನೀವು ಸತ್ತಿದ್ದೀರಲ್ಲಮ್ಮ!"

ಕಾರ್ಮಿಕ ಕಚೇರಿಯ ಮೂರನೆಯ ಕಿಟಕಿಯ ಗುಮಾಸ್ತೆ ಪೀಟರ್ಸನ್ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದಳು. ನೊಮೋಂಡೆ ನಕ್ಕುಬಿಟ್ಟಳು. ಬೆಳಿಗ್ಗೆ ಐದೂವರೆಯಿಂದ ಪೋರ್ಟ್ ಎಲಿಜಬೆತ್ತಿನ ಆ ಹಾಳು ಗಾಳಿಯಲ್ಲಿ ಸಾಲು ನಿಂತು ತುಟಿ ಒಡೆದಿತ್ತು. ನಕ್ಕದ್ದಕ್ಕೆ ಚುರ್ ಎಂದಿತು.

"ತಮಾಷೆ ಮಾಡ್ಬೇಡಿ ಮೇಡಂ. ಎರಡು ತಿಂಗಳು ಭತ್ಯೆ ಬಂತು, ಆಮೇಲೆ ನಿಂತ್ಹೋಯ್ತು. ಯಾಕೆ ಅಂತ ಕೇಳೋಕೆ ಬಂದೆ."

"ಅದನ್ನೇ ಹೇಳ್ತಿದೀನಿ. ಸತ್ತೋರಿಗೆ ನಿರುದ್ಯೋಗ ಭತ್ಯೆ ಬರಲ್ಲ. ಏಪ್ರಿಲ್ ಒಂಬತ್ತಕ್ಕೆ ತೀರ್ಕೊಂಡಿದೀರಿ. ಟ್ರಾನ್ಸ್‌ಕೈ ಕಡೆ ಯಾವುದೋ ಹಳ್ಳೀಲಿ ಮಣ್ಣಾಗಿದೆ."

"ಹಾಗಾದ್ರೆ ಇಲ್ಲಿ ನಿಂತಿರೋಳು ಯಾರು?"

ಪೀಟರ್ಸನ್ ಈಗ ತಲೆಯೆತ್ತಿದಳು. ಬೆರಳಚ್ಚಿನ ಯಂತ್ರವನ್ನು ಮುಂದಕ್ಕೆ ತಳ್ಳಿದಳು. ನೊಮೋಂಡೆ ಹೆಬ್ಬೆರಳು ಇಟ್ಟಳು — ಕೆಂಪು ದೀಪ. ಮತ್ತೆ ಇಟ್ಟಳು — ಮತ್ತೆ ಕೆಂಪು. ಹದಿನಾರು ವರ್ಷ ಕಾರ್ಖಾನೆಯಲ್ಲಿ ಮೀನು ಸೀಳಿ ಉಪ್ಪುನೀರಿನಲ್ಲಿ ನೆನೆದ ಬೆರಳು. ಅದರ ಗೆರೆ ಯಾವ ಯಂತ್ರಕ್ಕೂ ಸಿಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅರ್ಜಿ ಹಾಕಿದಾಗಲೂ ಹೀಗೇ ಆಗಿ, ಪೀಟರ್ಸನ್ ಎಡ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿಸಿಕೊಂಡಿದ್ದಳು. ಆ ಕಾರ್ಖಾನೆಯ ಹೆಂಗಸರೆಲ್ಲರ ಪಾಡೂ ಇದೇ.

"ಗೃಹ ಇಲಾಖೆಯಿಂದ ಮರಣಪತ್ರದ ಪ್ರತಿ ತನ್ನಿ. ಅದು ಸುಳ್ಳು ಅಂತ ತೋರಿಸೋವರೆಗೂ ನನ್ನ ಕೈಲೇನೂ ಇಲ್ಲ. ಮುಂದಿನೋರು ಬನ್ನಿ!"

ಮುಂದಿನವಳು ಕಿಟಕಿಗೆ ಬರಲಿಲ್ಲ. ಬದಲಿಗೆ ನೊಮೋಂಡೆಯ ರಟ್ಟೆ ಹಿಡಿದು ಗೋಡೆಯ ಬದಿಗೆ ಎಳೆದಳು. ದಪ್ಪ ಕನ್ನಡಕ, ಗಂಡಸರ ಕೋಟು, ಐವತ್ತೆಂಟರ ಆಸುಪಾಸು. ಕುಲದ ಹೆಸರು ಹಿಡಿದು ಎಲ್ಲರೂ ಮಾಬೆಲೆ ಎಂದು ಕರೆಯುತ್ತಿದ್ದರು. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಯ ವೇಷದಲ್ಲಿ ಸುತ್ತಾಡಿ ಕಳ್ಳರನ್ನು ಹಿಡಿಯುವ ಕೆಲಸ ಇಪ್ಪತ್ತೆರಡು ವರ್ಷ ಮಾಡಿದ್ದಳು. ಅಂಗಡಿ ಮುಚ್ಚಿದ ಮೇಲೆ ಅವಳೂ ಇದೇ ಸಾಲಿಗೆ ಬಂದು ಬಿದ್ದಿದ್ದಳು.

"ಅಳಬೇಡ, ಕೇಳು. ಇದು ಕಂಪ್ಯೂಟರ್ ತಪ್ಪಲ್ಲ. ಊರು, ತಾರೀಕು ಎಲ್ಲ ಇದೆ ಅಂದ್ರೆ ಯಾರೋ ಕೂತು ಬರೆದಿದಾರೆ. ನೀನು ಸತ್ತಿದ್ರಿಂದ ಯಾರಿಗೋ ಲಾಭ ಆಗಿದೆ."

"ನಾನು ಸತ್ತಿಲ್ವಲ್ಲ ಅಕ್ಕ!"

"ಅದೇ ನನಗೆ ಭಯ. ಅವರಿಗೂ ಅದು ಗೊತ್ತು. ಇವತ್ತಿಂದ ನೀನು ಓಡಾಡ್ತಿರೋದೇ ಅವರಿಗೆ ತೊಂದರೆ."



ಮೂರು ದಿನ ಅಲೆದು ಗುರುವಾರ ಪ್ರತಿ ಸಿಕ್ಕಿತು. ಕಚೇರಿಯ ಎದುರಿನ ಕಟ್ಟೆಯ ಮೇಲೆ ಮಾಬೆಲೆ ಅದನ್ನು ಮೊಣಕಾಲ ಮೇಲೆ ಹರಡಿಕೊಂಡಳು. ತನ್ನ ಹೆಸರು, ಅದರ ಮುಂದೆ ಸತ್ತ ದಿನಾಂಕ — ಅದರ ಮೇಲಿಂದ ನೊಮೋಂಡೆಗೆ ಕಣ್ಣು ಕೀಳಲಾಗಲಿಲ್ಲ. ಕೆಳಗೆ ಹಳ್ಳಿಯ ಮುಖಂಡನ ಮೊಹರು: 'ಹೆಣವನ್ನು ನಾನೇ ನೋಡಿದ್ದೇನೆ'. ಅದರ ಪಕ್ಕದಲ್ಲಿ ಸತ್ತವಳ ಎಡಗೈ ಹೆಬ್ಬೆರಳಿನ ಗುರುತು. ಸಾವಿನ ಸುದ್ದಿ ಕೊಟ್ಟವನು: ಗಂಡ, ಝೊಲಿಲೆ.

"ಆ ಹಾಳಾದವನೇ!" ನೊಮೋಂಡೆ ಹಲ್ಲು ಕಡಿದಳು. "ಬಿಟ್ಟುಹೋಗಿ ಎರಡು ವರ್ಷ ಆಯ್ತು. ಈಗ ಕೊಂದೂಬಿಟ್ನಲ್ಲ!"

ಮಾಬೆಲೆ ಫೋನ್ ಹಚ್ಚಿದಳು. ಝೊಲಿಲೆ ಕೇಪ್‌ಟೌನಿನಲ್ಲಿದ್ದ.

"ನಿನ್ನ ಹೆಂಡ್ತಿ ಹೋಗ್ಬಿಟ್ಳಂತೆ, ಗೊತ್ತಾ?"

"ಏನು? ಯಾವಾಗ? ಮಣ್ಣು ಆಯ್ತಾ? ನನಗ್ಯಾರೂ ಹೇಳೇ ಇಲ್ಲ... ಅಯ್ಯೋ, ನನ್ನ ನೊಮೋಂಡೆ!" ದೊಡ್ಡ ದನಿ ತೆಗೆದು ಅಳತೊಡಗಿದ. ನೊಮೋಂಡೆ ಫೋನ್ ಕಿತ್ತುಕೊಂಡು, "ಬದುಕಿದ್ದಾಗ ಒಂದು ದಿನ ಅಳಲಿಲ್ಲ ನೀನು!" ಎಂದು ಕೂಗಿ ಇಟ್ಟುಬಿಟ್ಟಳು. ಕೂಗಿದ ಮೇಲೆ ಅವಳಿಗೇ ಅಳು ಬಂತು.

"ಇವನಲ್ಲ," ಎಂದಳು ಮಾಬೆಲೆ. "ಅಥವಾ ಒಳ್ಳೇ ನಟ. ನಿನ್ನ ಹೆಬ್ಬೆರಳು ಯಾರ್ಯಾರು ಒತ್ತಿಸ್ಕೊಂಡಿದಾರೆ?"

"ಕಾರ್ಖಾನೆ ಸಿಬ್ಬಂದಿ ಗುಮಾಸ್ತ ಫಾನ್ ರೂಯನ್. ಜನವರೀಲಿ ಬಾಗಿಲು ಹಾಕಿದ ದಿನ ಎಲ್ಲರದ್ದೂ ತಗೊಂಡ. ಆಮೇಲೆ ಪೀಟರ್ಸನ್ ಮೇಡಂ."

"ಅವನಾ? ನಿಮ್ಮ ಕಾರ್ಖಾನೆ ದಾಖಲೆ ನೋಡೋಣ ಅಂತ ನಿನ್ನೆ ಅವನ ಮನೆಗೇ ಹೋಗಿದ್ದೆ. ನಿನ್ನ ಕಾಗದ ಎಲ್ಲಿ ಅಂದ್ರೆ ಮುಖದ ಮೇಲೇ ಬಾಗಿಲು ಹಾಕಿದ. ಕೈ ಕೊಡು ಇಲ್ಲಿ. ಎಡಗೈ."

ಹೆಬ್ಬೆರಳಿನ ತುದಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ.

"ಇದೇನು?"

"ಮೀನಿನ ಡಬ್ಬಿ ತೆಗೆಯೋವಾಗ ಮುಚ್ಚಳ ಕುಯ್ದ್ಬಿಡ್ತು. ಮಾರ್ಚಿನಲ್ಲಿ. ಕ್ಲಿನಿಕ್ಕಿನಲ್ಲಿ ಮೂರು ಹೊಲಿಗೆ ಹಾಕಿದ್ರು."

"ಚೀಟಿ ಇದೆಯಾ?"

"ಇದೆ. ಹೊಲಿಗೆ ಬಿಚ್ಚೋವಾಗ ಆ ನರ್ಸು ನನ್ನ ಬೈದಿದ್ದೇ ಬೈದಿದ್ದು. ಗಾಯದೊಳಗೆಲ್ಲ ಕಪ್ಪು ಯಾಕೆ, ಬೂಟಿಗೆ ಪಾಲಿಶ್ ಹಾಕ್ತಿದ್ಯಾ ಅಂತ —"

"ಇಲ್ಲಿದೀರಾ? ಊರೆಲ್ಲಾ ಹುಡುಕಿದೆ!"

ಬುಲೆಲ್ವಾ ಬಂದಳು. ಮೀನಿನ ಕಾರ್ಖಾನೆಯಲ್ಲಿ ನೊಮೋಂಡೆಯ ಪಕ್ಕದ ಮೇಜಿನವಳು. ಈಗ ಕಚೇರಿಯ ಸಾಲಿಗೆ ಅವಳೇ ಯಜಮಾನಿ. ಮುಂಜಾನೆ ಬಂದವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸರದಿ ಕಾಯಿಸುವವಳು, ಜಗಳ ಬಿಡಿಸುವವಳು. ಮಣ್ಣಿನ ಸಂಘವೂ ಅವಳ ಕೈಯಲ್ಲೇ — ಹನ್ನೆರಡು ಹೆಂಗಸರು ತಿಂಗಳಿಗೊಮ್ಮೆ ಕೂಡಿ, ಸತ್ತಾಗ ಪೆಟ್ಟಿಗೆಗೆ, ಬಂದವರ ಊಟಕ್ಕೆ ಆಗಲಿ ಎಂದು ವಿಮೆ ಕಟ್ಟುವ ಸಂಘ. ಎಣ್ಣೆಯಲ್ಲಿ ಕರಿದ ಬಿಸಿ ಹಿಟ್ಟಿನುಂಡೆಗಳ ಪೊಟ್ಟಣವನ್ನು ನೊಮೋಂಡೆಯ ಮಡಿಲಿಗೆ ಹಾಕಿದಳು.

"ತಿನ್ನು ಮೊದ್ಲು. ಸತ್ತೋಳ ಹಾಗೇ ಕಾಣ್ತಿದೀಯ. ಕೇಳಿಲ್ಲಿ, ನಾಳೆ ಎಂಟಕ್ಕೆ ಗಾಡಿ ಗೊತ್ತು ಮಾಡಿದೀನಿ. ಆ ಹಳ್ಳಿಗೇ ಹೋಗೋಣ. ಮುಖಂಡನೆದುರು ನೀನು ನಿಂತ್ಕೊಂಡ್ರೆ ಆಯ್ತು, ಬದುಕಿದಾಳೆ ಅಂತ ಬರ್ದು ಕೊಡ್ತಾನೆ."

ನೊಮೋಂಡೆಯ ಕಣ್ಣು ತುಂಬಿ ಬಂತು. "ನೀನಿಲ್ದಿದ್ರೆ ನನಗ್ಯಾರಿದ್ರು ಹೇಳು ಬುಲೆಲ್ವಾ?"

"ಗಾಡಿ ಇಲ್ಲಿ ಗೇಟಿಗೇ ಬರಲಿ," ಎಂದಳು ಮಾಬೆಲೆ, ಕನ್ನಡಕ ಒರೆಸಿಕೊಳ್ಳುತ್ತ. "ನಾನೂ ಬಂದು ಕಳಿಸ್ಕೊಡ್ತೀನಿ."

ಶುಕ್ರವಾರ. ಎಂಟಕ್ಕೆ ಹತ್ತು ನಿಮಿಷವಿತ್ತು. ಕಚೇರಿಯ ಸುತ್ತ ಸಾಲು ಬೆಳೆದಿತ್ತು. ಗೇಟಿನೆದುರು ಬಿಳಿ ವ್ಯಾನು ಇಂಜಿನ್ ಆರಿಸದೆ ನಿಂತಿತ್ತು. ಒಳಗೆ ಚಾಲಕ, ಹಿಂದಿನ ಸೀಟಿನಲ್ಲಿ ಟೋಪಿ ಕಣ್ಣಿಗಿಳಿಸಿಕೊಂಡ ಇಬ್ಬರು ಗಂಡಸರು.

"ಇವರ್ಯಾರು?" ನೊಮೋಂಡೆ ಬುಲೆಲ್ವಾಳನ್ನು ಕೇಳಿದಳು.

"ಅದೇ ಊರಿನೋರು, ಬಿಡು. ಹತ್ತು, ಹತ್ತು!"

ಮಾಬೆಲೆ ಎಲ್ಲೂ ಕಾಣಲಿಲ್ಲ. ಆ ಇಬ್ಬರಲ್ಲೊಬ್ಬನೂ ನಮಸ್ಕಾರ ಹೇಳಲಿಲ್ಲ. ಇವಳ ಮುಖವನ್ನೂ ನೋಡಲಿಲ್ಲ.  ಆದರೂ ನೊಮೋಂಡೆ ಬುಲೆಲ್ವಾಳ ಮಾತಿಗೆ ಕಟ್ಟುಬಿದ್ದು ಮೆಟ್ಟಿಲ ಮೇಲೆ ಕಾಲಿಟ್ಟಳು. ಬುಲೆಲ್ವಾಳ ಅಂಗೈ ಅವಳ ಬೆನ್ನಿನ ಮೇಲಿತ್ತು, ಬಲವಾಗಿ ಒಳಕ್ಕೆ ಒತ್ತುತ್ತಿತ್ತು.

"ಕಾಲು ಕೆಳಗಿಡು ನೊಮೋಂಡೆ!"

ಕಚೇರಿಯ ಬಾಗಿಲಿನಿಂದ ಮಾಬೆಲೆ ಬರುತ್ತಿದ್ದಳು. ಜೊತೆಗೆ ಕೈಯಲ್ಲೊಂದು ಕಡತ ಹಿಡಿದ ಪೀಟರ್ಸನ್, ಅವರ ಹಿಂದೆ ಪೊಲೀಸಿನವಳು. ವ್ಯಾನು ಸರ್ರನೆ ಹೊರಟೇಬಿಟ್ಟಿತು. ನೊಮೋಂಡೆ ಮುಗ್ಗರಿಸಿ ರಸ್ತೆಗೆ ಬಿದ್ದಳು. ತಿರುವಿನಲ್ಲಿ ಪೊಲೀಸ್ ಜೀಪು ಅಡ್ಡ ನಿಂತಿತ್ತು.

"ಏನಿದೆಲ್ಲ?" ಬುಲೆಲ್ವಾ ಕಿರುಚಿದಳು. "ಕೆಲಸ ಇಲ್ದೋಳು, ಎಲ್ಲದರಲ್ಲೂ ಮೂಗು ತೂರಿಸ್ತೀಯ!"

"ಕೆಲಸ ಇಲ್ಲ, ನಿಜ. ಅದಕ್ಕೇ ಪುರುಸೊತ್ತಾಗಿ ನೋಡಿದೆ." ಮಾಬೆಲೆ ಎರಡು ಕಾಗದಗಳನ್ನು ಎತ್ತಿ ಹಿಡಿದಳು. "ಎಲ್ಲರೂ ಹೆಸರು ನೋಡಿದ್ರು, ತಾರೀಕು ನೋಡಿದ್ರು. ಹೆಬ್ಬೆರಳನ್ನ ಯಾರೂ ನೋಡಲಿಲ್ಲ. ಇದು ಫೆಬ್ರವರೀಲಿ ಪೀಟರ್ಸನ್ ಮೇಡಂ ತಗೊಂಡಿದ್ದು — ಸವೆದ ಬೆರಳು, ಅಷ್ಟೇ. ಇದು ಮರಣಪತ್ರದ್ದು — ನಡುವೆ ಅಡ್ಡಗೆರೆ."

"ಗಾಯದ ಗುರುತು," ಎಂದಳು ಪೊಲೀಸಿನವಳು.

"ಹೌದು. ಗಾಯ ಆಗಿದ್ದು ಮಾರ್ಚಿನಲ್ಲಿ. ಅಂದ್ರೆ ಜನವರೀಲಿ ತಗೊಂಡ ಫಾನ್ ರೂಯನ್ ಅಲ್ಲ, ಫೆಬ್ರವರೀಲಿ ತಗೊಂಡ ಮೇಡಂ ಅಲ್ಲ, ಎರಡು ವರ್ಷದ ಹಿಂದೆ ಓಡಿಹೋದ ಗಂಡನೂ ಅಲ್ಲ. ಇನ್ನೂ ಹತ್ರ ಬನ್ನಿ. ಗೆರೆಯ ಆಚೆ ಮೂರು, ಈಚೆ ಮೂರು — ಆರು ಚುಕ್ಕೆ. ಏನವು?"

ಸಾಲಿನಲ್ಲಿದ್ದ ಹೆಂಗಸರು ಕತ್ತು ಚಾಚಿದರು. ನೊಮೋಂಡೆ ತನ್ನ ಬೆರಳನ್ನೇ ದಿಟ್ಟಿಸುತ್ತಿದ್ದಳು.

"ಹೊಲಿಗೆ," ಎಂದಳು ಮೆಲ್ಲಗೆ.

"ಹೊಲಿಗೆ! ದಾರ ಇನ್ನೂ ಬೆರಳಲ್ಲೇ ಇದ್ದಾಗ ಒತ್ತಿಸಿದ್ದು. ಕ್ಲಿನಿಕ್ ಚೀಟಿ ಪ್ರಕಾರ ಹಾಕಿದ್ದು ಮಾರ್ಚ್ ನಾಲ್ಕು, ಬಿಚ್ಚಿದ್ದು ಹದಿನಾಲ್ಕು. ಆ ಹತ್ತು ದಿನದಲ್ಲಿ ಹಸೀ ಗಾಯಕ್ಕೆ ಶಾಯಿ ಹಚ್ಚಿದೋರು ಯಾರು? ನೀನೇ ಹೇಳು ನೊಮೋಂಡೆ."

ನೊಮೋಂಡೆಗೆ ನೆನಪಾಯಿತು. ಆ ಭಾನುವಾರ. ಸಂಘದ ಸಭೆ. ಬುಲೆಲ್ವಾಳ ಮನೆ. ವಿಮೆಯವರಿಗೆ ಎಲ್ಲರ ಹೆಬ್ಬೆರಳೂ ಹೊಸದಾಗಿ ಬೇಕಂತೆ ಎಂದು ಅವಳು ಶಾಯಿ ಡಬ್ಬಿ ಹಿಡಿದು ಬಂದದ್ದು. ನೋವಾಗ್ತದೆ ಕಣೇ ಎಂದರೆ, ಸ್ವಲ್ಪ ತಡ್ಕೋ ನನ್ ಬಂಗಾರ, ಮೆತ್ತಗೆ ಒತ್ತುತೀನಿ ಎಂದದ್ದು. ಒತ್ತಿದ ಮೇಲೆ ಉಫ್ ಉಫ್ ಎಂದು ಊದಿದ್ದು ಕೂಡ.

"ಬುಲೆಲ್ವಾ," ಎಂದಳು. 

"ಗಂಡನ ಹೆಸರು, ಮುಖಂಡನ ಮೊಹರು ಎಲ್ಲ ಇವಳೇ ಹಾಕಿಸಿದ್ದು. ಸಂಘದ ವಿಮೆ ಹಣ ಇವಳ ಕೈಗೆ ಬಂದೇಬಿಡ್ತಿತ್ತು," ಮಾಬೆಲೆ ಹೇಳಿದಳು. "ಆದ್ರೆ ವಿಮೆಯೋರಿಗೆ ಅನುಮಾನ ಬಂತು. ನಿನ್ನೆ ಸಂಘದ ಹೆಂಗಸಿನ ಹಾಗೆ ಮಾತಾಡಿ ಅವರಿಗೆ ಫೋನ್ ಮಾಡಿದೆ. ಸೋಮವಾರ ಗುಂಡಿ ಅಗೆಸಿ ನೋಡ್ತಾರಂತೆ. ಹಳ್ಳೀಲಿ ಗುಂಡಿ ಇದೆ, ಒಳಗೆ ಯಾರೂ ಇಲ್ಲ. ಇವತ್ತು ಶುಕ್ರವಾರ. ಈ ವ್ಯಾನು ಯಾಕೆ ಬಂದಿತ್ತು ಅಂತ ಇನ್ನೂ ಬಿಡಿಸಿ ಹೇಳ್ಬೇಕಾ?"

 ಗಾಳಿಗೆ ಗೇಟಿನ ತಗಡು ಬಡಿದುಕೊಳ್ಳುತ್ತಿತ್ತು. ಪೊಲೀಸಿನವಳು ಬುಲೆಲ್ವಾಳ ಚೀಲವನ್ನು ಕಿತ್ತುಕೊಂಡಳು. ಬುಲೆಲ್ವಾ ಈಗ ಕೂಗಾಡಲಿಲ್ಲ. ನೊಮೋಂಡೆಯನ್ನು ನೇರವಾಗಿ ನೋಡಿ, ಸಾಲಿನಲ್ಲಿ ಸರದಿ ಹೇಳುವಷ್ಟೇ ಸಹಜವಾಗಿ ಹೇಳಿದಳು:

"ಗಂಡ ಇಲ್ಲ, ಮಕ್ಕಳಿಲ್ಲ, ತವರಿಲ್ಲ. ನಿನ್ನ ಕೇಳ್ಕೊಂಡು ಯಾರೂ ಬರಲ್ಲ ಅಂತ ನಿನ್ನ ಆರಿಸ್ದೆ. ಬೇರೆ ಕೋಪ ಏನಿಲ್ಲ."

ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು ನೊಮೋಂಡೆ. ಈ ಮಾತಿಗೆ ಕುಸಿದು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಚೀಲದಲ್ಲಿ ಇನ್ನೊಂದು ಮರಣಪತ್ರದ ಅರ್ಜಿ ಸಿಕ್ಕಿತು. ಭರ್ತಿಯಾಗಿತ್ತು, ಹೆಬ್ಬೆರಳೂ ಒತ್ತಿತ್ತು. ಪೊಲೀಸಿನವಳು ಹೆಸರು ಓದಿದಳು: ನೋಬಂಟು. ಸತ್ತ ದಿನಾಂಕ — ನಾಳೆಯದು ಬಿಟ್ಟು ಮುಂದಿನ ಶನಿವಾರ, ಇನ್ನೆಂಟು ದಿನಕ್ಕೆ. ಸಾಲಿನ ಮುಂಭಾಗದಲ್ಲಿ ನಿಂತಿದ್ದ ಅರವತ್ತರ ವಿಧವೆಯೊಬ್ಬಳು, "ನಾನು..." ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಪೀಟರ್ಸನ್ ನೊಮೋಂಡೆಯ ಪಕ್ಕ ಬಂದು ನಿಂತಳು. "ಈಗ ಭತ್ಯೆ ಮತ್ತೆ ಶುರು ಮಾಡಿಸ್ಬಹುದು. ಆದ್ರೆ ಇವರೇ ನೊಮೋಂಡೆ, ಬದುಕಿದಾರೆ ಅಂತ ಒಬ್ಬರು ಠಾಣೆಗೆ ಬಂದು ಪ್ರಮಾಣ ಮಾಡ್ಬೇಕು. ಹತ್ತು ವರ್ಷದಿಂದ ನೋಡಿರೋರು ಆಗ್ಬೇಕು. ಯಾರಿದಾರೆ ನಿಮಗೆ?"

ಮಾಬೆಲೆಗೆ ಅವಳ ಪರಿಚಯ ಐದು ದಿನದ್ದು. ನೊಮೋಂಡೆ ಸಾಲಿನಲ್ಲಿದ್ದ ಕಾರ್ಖಾನೆಯ ಹೆಂಗಸರತ್ತ ನೋಡಿದಳು.  ಸಾಲು ಬಿಟ್ಟವರಿಗೆ ಇನ್ನು ಸೋಮವಾರವೇ ಗತಿ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನೋಬಂಟು ಸಾಲು ಬಿಟ್ಟು ಬಂದಳು. ನೊಮೋಂಡೆಯ ಮೊಣಕೈ ಹಿಡಿದು ಎಬ್ಬಿಸಿದಳು.

"ನಾನು ಹೇಳ್ತೀನಿ, ನಡಿ. ಹದಿನಾರು ವರ್ಷ ನಿನ್ನ ಎದುರಿನ ಮೇಜಲ್ಲೇ ಮೀನು ಸೀಳಿದೀನಿ, ನಿನ್ನ ಗುರುತು ಸಿಗಲ್ವಾ ನನಗೆ?" ಎರಡು ಹೆಜ್ಜೆ ನಡೆದು ನಿಂತಳು. ದನಿ ತಗ್ಗಿಸಿದಳು. "ಆದ್ರೆ ಆ ಶನಿವಾರ ನಮ್ಮನೇಗೆ ಬಾ ತಾಯಿ. ಬೆಳಿಗ್ಗೆಯಿಂದ ರಾತ್ರಿವರೆಗೂ ನನ್ನ ಪಕ್ಕದಲ್ಲೇ ಕೂತಿರು. ನನಗೂ ಯಾರಿಲ್ಲ."