ಗ್ಯಾಸು ಸೋಸುವ ಮಡಕೆ

ಮಡಕೆಗೆ ಏಳು ರೂಪಾಯಿ. ತಗಡಿನ ಮುಚ್ಚಳಕ್ಕೆ ನಾಲ್ಕು. ಎರಡು ಹಿತ್ತಾಳೆ ನಳಿಕೆಗೆ ಆರು. ಒಟ್ಟು ಹದಿನೇಳು. ಮಡಕೆಯೊಳಗಿದ್ದ ಆರು ಸೇರು ಕೆಂಪು ಕಾಳಿಗೆ ಎಷ್ಟು ಬರೆಯಬೇಕೆಂದು ತಿಳಿಯದೆ ಹೆಡ್ ಕಾನ್‌ಸ್ಟೇಬಲ್ ಮುತ್ಯಾಲಪ್ಪ ಪೆನ್ನು ಎತ್ತಿ ಹಿಡಿದು ಕೂತಿದ್ದ.

1989ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಕಲ್ಯಾಣದುರ್ಗದ ಠಾಣೆ. ದೂರು ತಂದವಳು ಬನಶಂಕರಮ್ಮ, ವಯಸ್ಸು ಐವತ್ತೆರಡು, ವಿಧವೆ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ತನ್ನ ಮನೆಯಲ್ಲೇ ಹತ್ತು ಹನ್ನೆರಡು ಗುಮಾಸ್ತರಿಗೆ ಊಟ ಹಾಕಿ ಬದುಕುವವಳು.

"ಕಾಳು ಅಂದ್ರೆ ಯಾವ ಕಾಳಮ್ಮ? ತೊಗರಿನಾ, ಹುರುಳಿನಾ?"

"ತಿನ್ನೋ ಕಾಳಲ್ಲ ಕಣಪ್ಪ. ಗೋಬರ್ ಗ್ಯಾಸಿನ ನಾತ ಹೀರೋ ಕಾಳು. ಗ್ಯಾಸು ಆ ಮಡಕೆ ದಾಟ್ಕೊಂಡೇ ಒಲೆಗೆ ಬತ್ತಿತ್ತು."

"ಅಂಗ್ಡೀಲಿ ಏನು ರೇಟು?"

"ಅಂಗ್ಡೀಲಿ ಸಿಕ್ಕಿದ್ರೆ ನಿನ್ ಹತ್ರ ಯಾಕಪ್ಪ ಬತ್ತಿದ್ದೆ?"

ಒಳಗಿನ ಮೇಜಿನಲ್ಲಿದ್ದ ಎಸ್‌ಐ ಕೇಶವಯ್ಯ ನಕ್ಕ. ಹದಿನೇಳು ರೂಪಾಯಿಯ ಮಾಲಿಗಾಗಿ ಅಡುಗೆಯ ಹೊತ್ತಿನಲ್ಲಿ ಒಲೆ ಬಿಟ್ಟು ಠಾಣೆಗೆ ಬಂದವಳ ನಷ್ಟ ಹದಿನೇಳು ರೂಪಾಯಿಯದಲ್ಲ ಎಂದು ಅವನಿಗೆ ಹೊಳೆಯಿತು. ಎಫ್‌ಐಆರ್ ದಾಖಲಿಸಿ, ಕಳ್ಳತನ, ಐಪಿಸಿ 379 ಎಂದು ಬರೆಸಿ, ಟೋಪಿ ತೆಗೆದುಕೊಂಡು ತಾನೇ ಹೊರಟ.

ಹಿತ್ತಲಿನಲ್ಲಿ ಗೋಬರ್ ಗ್ಯಾಸಿನ ಡ್ರಮ್ಮು ಇತ್ತು. ಮಡಕೆ ಕೂರಿಸಿದ್ದ ಕಲ್ಲಿನ ಮೇಲೆ ದುಂಡಗಿನ ಕಲೆ ಮಾತ್ರ. ಅಡುಗೆಮನೆಯಿಂದ ಕೊಳೆತ ಮೊಟ್ಟೆಯ ನಾತ ಬರುತ್ತಿತ್ತು. ಬಾಗಿಲಲ್ಲಿ ತೊಳೆದಿಟ್ಟ ಹಿತ್ತಾಳೆ ಬಿಂದಿಗೆಗಳು ಹಾಗೆಯೇ ಇದ್ದವು.

ಕೇಶವಯ್ಯ ಪೈಪಿನ ಬಳಿ ಕುಕ್ಕರಗಾಲಲ್ಲಿ ಕೂತ. ಮಡಕೆ ತೆಗೆದವನು ಪೈಪಿನ ಎರಡು ತುದಿಗಳನ್ನೂ ಒಂದಕ್ಕೊಂದು ಸೇರಿಸಿ, ಬಟ್ಟೆ ಸುತ್ತಿ, ದಾರದಿಂದ ಬಿಗಿದು, ಮೇಲೆ ಸೋಪು ಮೆತ್ತಿದ್ದ.

"ಸೋಪು ಯಾಕೆ ಸಾರ್?" ಎಂದ ಮುತ್ಯಾಲಪ್ಪ.

"ಗ್ಯಾಸು ಸೋರಿದ್ರೆ ಗುಳ್ಳೆ ಬತ್ತದೆ. ಸೋರ್ತದೇನೋ ಅಂತ ನಿಂತು ನೋಡಿ ಹೋಗವ್ನೆ."

"ಕಳ್ಳನಿಗೆ ಅಷ್ಟು ಪುರುಸೊತ್ತಾ?"

"ಪುರುಸೊತ್ತಲ್ಲ ಕಣಯ್ಯ, ಭಯ. ಈಯಮ್ಮ ಬಂದು ಬೆಂಕಿ ಗೀರಿದಾಗ ಏನಾದ್ರೂ ಆದೀತು ಅನ್ನೋ ಭಯ."

ಬನಶಂಕರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಹಿಂದಿನ ದಿನ ಬೆಳಿಗ್ಗೆ ಬೆಳುಗುಪ್ಪಕ್ಕೆ ಮದುವೆಗೆ ಹೋಗಿದ್ದಳು, ಸಂಜೆ ಬಂದಾಗ ಮಡಕೆ ಇರಲಿಲ್ಲ. ಮಾಡಿಕೊಟ್ಟವರು ಯಾರೆಂದು ಕೇಳಿದರೆ, "ಯಾರೋ ಊಟಕ್ಕೆ ಬತ್ತಿದ್ದೋರು" ಎಂದಳು.

ಪಂಚನಾಮೆಗೆ ಪಂಚರಾಗಿ ಎದುರುಮನೆಯ ಬೀರಕ್ಕ ಮತ್ತು ಬಡಗಿ ಈರಲಿಂಗಪ್ಪ ಬಂದರು.

"ಆ ಮಡಕೆ ಎಷ್ಟು ವರ್ಷದಿಂದ ಇತ್ತು?"

"ಎಪ್ಪತ್ತೊಂಬತ್ತರ ಬೇಸಿಗೆಯಿಂದ" ಎಂದ ಈರಲಿಂಗಪ್ಪ. "ನನ್ ಮಗಳ ಮದುವೆ ವರ್ಷ."

"ಒಳಗಿನ ಕಾಳು ನೀವು ನೋಡಿದೀರಾ?"

ಬೀರಕ್ಕ ಸೊಂಟಕ್ಕೆ ಕೈ ಕೊಟ್ಟಳು. "ನೋಡೋದೇನ್ ಸಾರೂ, ಕಾದಿದೀನಿ! ನಾತ ಕುಡ್ದು ಕುಡ್ದು ಕಾಳು ಕರ್ರಗಾಯ್ತದೆ. ಪ್ರತಿ ಅಮಾಸೆಗೆ ಬೀದೀಲಿ ಚಾಪೆ ಹಾಸಿ ಬಿಸಿಲಿಗೆ ಹರಡ್ತಾಳೆ. ಸಂಜೆಗೆ ಮತ್ತೆ ಕೆಂಪು. ಕೋಳಿ ಓಡ್ಸೋ ಕೆಲಸ ನಂದು. ಹತ್ತು ವರ್ಷದಿಂದ ಕೂಲಿ ಕೊಟ್ಟಿಲ್ಲ."

"ಮಜ್ಜಿಗೆ ಕುಡ್ದಿದ್ದು ಲೆಕ್ಕಕ್ಕಿಲ್ವೇನೇ?" ಎಂದಳು ಬನಶಂಕರಮ್ಮ.

"ಮಾಡಿಕೊಟ್ಟೋರು ಯಾರು ಬೀರಕ್ಕ?"

"ಕಾಲೇಜಿನ ಲ್ಯಾಬಲ್ಲಿ ಅಟೆಂಡರ್ ಆಗಿದ್ನಲ್ಲ, ರಾಮಲಿಂಗಯ್ಯ. ಇದೇ ಹಿತ್ತಲಲ್ಲಿ ಬತ್ತದ ಹೊಟ್ಟು ಸುಟ್ಟು, ಬೂದೀನ ಸೋಡಾದಲ್ಲಿ ಕುದ್ಸಿ, ಆಸಿಡ್ ಹಾಕಿ, ಅನ್ನಭೇದಿ ಉಪ್ಪಿನ ನೀರಲ್ಲಿ ನೆನ್ಸಿ ಮಾಡ್ದ. ಬೀದಿ ಮಂದಿಯೆಲ್ಲ ತಮಾಷೆ ನೋಡ್ತಿದ್ವಿ. ಇನ್ನೂ ಮೂರು ಮನೆಗೆ ಈಯಮ್ಮ ಅದೇ ಕಾಳು ಹಂಚವ್ಳೆ."

ಮುತ್ಯಾಲಪ್ಪ ಅಷ್ಟನ್ನೂ ಬರೆದುಕೊಂಡ. ಪಂಚರು ಸಹಿ ಹಾಕಿದರು. ಬನಶಂಕರಮ್ಮ ಒಳಗೆ ಹೋಗಿ ನಾತ ಬರುವ ಒಲೆಯ ಮುಂದೆ ಕೂತಳು. ಬಾಗಿಲಲ್ಲಿ ಇಬ್ಬರು ಗುಮಾಸ್ತರು ಮೂಗು ಮುಚ್ಚಿಕೊಂಡು ನಿಂತು, ಹೋಟೆಲಿನ ಕಡೆ ತಿರುಗಿ ಹೋದರು.

ಬುಧವಾರ ಬಸ್ ಸ್ಟ್ಯಾಂಡಿನಲ್ಲಿ ಹಿಂದೂಪುರದ ಬಸ್ಸಿನ ಕಂಡಕ್ಟರ್ ಸಿಕ್ಕ.

"ಸೋಮವಾರ ಮಧ್ಯಾಹ್ನದ ಟ್ರಿಪ್ಪು ಸಾರ್. ಕನ್ನಡಕದಾತ. ಟವೆಲಲ್ಲಿ ಸುತ್ತಿದ ಮಡಕೇನ ತೊಡೆ ಮೇಲೆ ಇಟ್ಕೊಂಡೇ ಕೂತಿದ್ದ. ಕೆಳಗಿಡಪ್ಪ ಅಂದ್ರೆ ಇಡ್ಲಿಲ್ಲ. ಮನೆದೇವ್ರಾ ಅಂದೆ. ಹೂಂ ಅಂದ."

ಮಾರ್ಚ್ 16, ಗುರುವಾರ, ಬೆಳಿಗ್ಗೆ ಹನ್ನೊಂದೂವರೆ. ಹಿಂದೂಪುರ ಠಾಣೆಗೆ ತಿಳಿಸಿ, ಅಲ್ಲಿ ರಾಮಲಿಂಗಯ್ಯನ ವಿಳಾಸ ಪಡೆದು ಕೇಶವಯ್ಯ ಮತ್ತು ಮುತ್ಯಾಲಪ್ಪ ಊರಾಚೆಯ ಸಣ್ಣ ಕಾರ್ಖಾನೆಗಳ ಸಾಲಿಗೆ ಹೋದರು. ಹುಣಸೆಹಣ್ಣಿನ ಗೋದಾಮಿನ ಪಕ್ಕ ಒಂದು ತಗಡಿನ ಶೆಡ್ಡು. ಒಳಗೆ ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಮೂರು ವರ್ಷದಿಂದ ಕ್ವಾರ್ಟರ್ಸಿನಲ್ಲಿ ಒಬ್ಬನೇ ಬೇಯಿಸಿ ತಿನ್ನುತ್ತಿದ್ದ ಕೇಶವಯ್ಯನಿಗೆ ಆ ಶೆಡ್ಡು ಪರಿಚಯದ್ದೆನಿಸಿತು. ಮಡಕೆ ಮೇಜಿನ ಮೇಲೆಯೇ ಇತ್ತು, ಕಾಳು ತುಂಬಿಕೊಂಡು.

ರಾಮಲಿಂಗಯ್ಯ ಎದ್ದು ನಿಂತ. ಓಡುವ ವಯಸ್ಸಲ್ಲ.

"ಇದು ಬನಶಂಕರಮ್ಮನ ಮಡಕೆನಾ?"

"ಹೌದು ಸಾರ್."

"ತಂದೋರು?"

"ನಾನೇ."

"ಯಾಕೆ?"

ಅವನು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಗದಗಳನ್ನು ತೆಗೆದ. ಮದರಾಸಿನ ಪೇಟೆಂಟ್ ಆಫೀಸಿನವು. ನಾಲ್ಕು ವರ್ಷದ ಹಿಂದೆ, ಗ್ಯಾಸು ಶುದ್ಧ ಮಾಡುವ ಈ ಕಾಳು ತಯಾರಿಸುವ ವಿಧಾನಕ್ಕೆ ಪೇಟೆಂಟು ಕೇಳಿ ಅರ್ಜಿ ಹಾಕಿದ್ದ. ಸರಕಿಗೆ ಕೊಡುವುದಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಕೊಡುತ್ತಾರೆ. ಅದಕ್ಕೂ ಒಂದು ಷರತ್ತು. ಅರ್ಜಿ ಹಾಕುವ ಮೊದಲು ಅದು ನಾಲ್ಕು ಜನಕ್ಕೆ ತಿಳಿದಿರಬಾರದು, ಎಲ್ಲೂ ಬಹಿರಂಗವಾಗಿ ಬಳಕೆಯಾಗಿರಬಾರದು.

"ಬಳಕೆ ಆಗಿಲ್ಲ ಅಂತ ಬರ್ದೆ. ಹೋದ ತಿಂಗಳು ಒಂದು ಗ್ಯಾಸ್ ಕಂಪ್ನಿಯೋರು ತಕರಾರು ಹಾಕಿದ್ರು. ಕಲ್ಯಾಣದುರ್ಗದಾಗೆ ಮೊದಲೇ ಇತ್ತು, ತೋರಿಸ್ತೀವಿ ಅಂತ."

"ಅವರಿಗೆ ಯಾರು ಹೇಳಿದ್ರು?"

ರಾಮಲಿಂಗಯ್ಯ ಕನ್ನಡಕ ತೆಗೆದು ಒರೆಸಿದ. "ನಾನೇ ಸಾರ್. ಅವರ ಎಂಜಿನಿಯರು ಇಲ್ಲಿಗೆ ಬಂದ, ಚಾ ಕುಡೀತಾ ಕೂತ. ಆಮೇಲೇನು ಮಾಡ್ದೆ, ಆಮೇಲೇನು ಮಾಡ್ದೆ ಅಂತ ಕೇಳ್ತಾನೇ ಇದ್ದ. ನನ್ನ ಕೂರಿಸ್ಕೊಂಡು ಹಂಗೆ ಕೇಳ್ದೋರು ಯಾರೂ ಇರ್ಲಿಲ್ಲ. ಎಲ್ಲಾ ಹೇಳ್ಬುಟ್ಟೆ."

"ಮಡಕೆ ಒಡೆದು ಬಿಸಾಕಬಹುದಿತ್ತಲ್ಲ?"

"ಪೆನುಕೊಂಡದಲ್ಲಿ ಬಸ್ಸು ನಿಂತಾಗ ಇಳಿದೆ, ಒಡೆಯೋಣ ಅಂತ. ಕೈ ಬರ್ಲಿಲ್ಲ."

ಆಮೇಲೆ ಅವನೇ ಕೇಳಿದ. "ನಿಮ್ಮ ಕಾಗದದಲ್ಲಿ ಎಷ್ಟು ವರ್ಷದ ಮಡಕೆ ಅಂತ ಬರೆದಿದೀರಿ ಸಾರ್?"

ಕೇಶವಯ್ಯ ಪಂಚನಾಮೆಯ ನಕಲು ತೆಗೆದು ಓದಿದ. 1979ರಿಂದ. ಬೀದಿಯ ಜನರ ಮುಂದೆ ತಯಾರಾದದ್ದು, ಹೇಗೆಂಬ ವಿವರ. ಪ್ರತಿ ಅಮಾವಾಸ್ಯೆ ಬೀದಿಯಲ್ಲಿ ಹರಡಿದ್ದು. ಇನ್ನೂ ಮೂರು ಮನೆಗೆ ಹಂಚಿದ್ದು.

"ಬೀದೀಲಿ ಹರಡ್ತಿದ್ಲಾ?" ಎಂದ ರಾಮಲಿಂಗಯ್ಯ. "ಹಿತ್ತಲಲ್ಲೇ ಒಣಗಿಸು ಅಂದಿದ್ದೆ."

"ಹಿತ್ತಲಿಗೆ ಬಿಸಿಲು ಬೀಳಲ್ಲ. ನೋಡಿದೀನಿ."

"ಆ ನಾಲ್ಕು ಸಾಲು ತೆಗೆದುಬುಡಿ ಸಾರ್. ಕದ್ದೆ ಅಂತ ಒಪ್ಕೊತೀನಿ, ಜೈಲಿಗೂ ಹೋಯ್ತೀನಿ. ಅಷ್ಟು ಮಾತ್ರ ತೆಗೀರಿ."

ಮುತ್ಯಾಲಪ್ಪ ಎಸ್‌ಐ ಮುಖ ನೋಡಿದ. ಕೇಶವಯ್ಯ ಕಾಗದ ಮಡಿಸಿದ.

"ಕೋರ್ಟಿಗೆ ಹೋಗ್ಬಿಟ್ಟಿದೆ ಕಣಯ್ಯ. ಹೋಗದಿದ್ರೂ ತೆಗೀತಿರ್ಲಿಲ್ಲ. ಬೀದಿ ಮಂದಿ ಕಣ್ಣಿಂದ ಹೆಂಗೆ ತೆಗೀಲಿ? ಮಡಕೆ ಅಲ್ಲೇ ಬಿಟ್ಟಿದ್ರೆ ಇದನ್ನ ಯಾರೂ ಬರೀತಾ ಇರ್ಲಿಲ್ಲ. ನೀನು ಕದ್ದಿದ್ದಕ್ಕೇ ಸರ್ಕಾರಿ ಕಾಗದದ ಮೇಲೆ ಬಂತು."

ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂಧನ. ಮಡಕೆ, ಮುಚ್ಚಳ, ನಳಿಕೆ, ಕಾಳು ಜಪ್ತಿ.

ಸಂಜೆ ಠಾಣೆಗೆ ಮಾಲು ಗುರುತಿಸಲು ಬನಶಂಕರಮ್ಮ ಬಂದಳು. ಬೆಂಚಿನ ಮೇಲೆ ಕೂತವನನ್ನು ಕಂಡು ಬಾಗಿಲಲ್ಲೇ ನಿಂತಳು. ಆಶ್ಚರ್ಯಪಡಲಿಲ್ಲ.

"ಬೇಕು ಅಂತ ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ರಾಮಲಿಂಗಯ್ಯಾ? ನಾನಿಲ್ದಾಗ ಬಂದು ಹೋಗೋ ಮನೆಯೇನಪ್ಪ ಅದು?"

"ನೀನು ಕೊಡ್ತಿದ್ದೆ ಕಣಮ್ಮ. ಆಮೇಲೆ ಯಾರಾದ್ರೂ ಬಂದು ಕೇಳಿದ್ರೆ ಮಡಕೇನೇ ಇರ್ಲಿಲ್ಲ ಅಂತ ಸುಳ್ಳು ಹೇಳು ಅಂತ ನಿನ್ನ ಕೇಳ್ಬೇಕಾಗಿತ್ತು. ಅದು ಆಗ್ಲಿಲ್ಲ."

ಅವಳು ಹೆಬ್ಬೆಟ್ಟು ಒತ್ತಿ, ಸೆರಗಿನಿಂದ ಮಸಿ ಒರೆಸಿಕೊಂಡು ಹೋದಳು.

ಕೇಶವಯ್ಯ ಕೇಸ್ ಡೈರಿಯಲ್ಲಿ ಉದ್ದೇಶ ಎಂಬ ಕಡೆ ಹಣವೆಂದು ಬರೆಯಲಿಲ್ಲ. ಆರೋಪಿ ಇಪ್ಪತ್ತಾರು ವರ್ಷ ಲ್ಯಾಬಿನಲ್ಲಿ ಬೇರೆಯವರ ಗಾಜಿನ ಸಾಮಾನು ತೊಳೆದವನು. ಅವನಿಗೆ ತನ್ನ ಹೆಸರು ಅಚ್ಚಾದ ಒಂದು ಕಾಗದ ಬೇಕಿತ್ತು, ಎಂದು ಬರೆದ.

ಕಂಪನಿಯವರು ಪಂಚನಾಮೆಯ ನಕಲು ಪಡೆದು ಮದರಾಸಿಗೆ ಕಳಿಸಿದರು. ಮರುವರ್ಷ ಅರ್ಜಿ ವಜಾ ಆಯಿತು. ಈಗ ಆ ಕಾಳನ್ನು ಯಾರು ಬೇಕಾದರೂ ಮಾಡಬಹುದು, ಕಂಪನಿಯವರೂ ಮಾಡುತ್ತಾರೆ. ಕೋರ್ಟು ಬನಶಂಕರಮ್ಮನಿಗೆ ಮಡಕೆಯನ್ನು ವಾಪಸು ಕೊಡಿಸಿತು, ಗುಮಾಸ್ತರು ಊಟಕ್ಕೆ ಮರಳಿದರು. ರಾಮಲಿಂಗಯ್ಯನಿಗೆ ಪೇಟೆಂಟು ಸಿಗಲಿಲ್ಲ. ಆ ಮನೆಯ ಊಟಕ್ಕೂ ಅವನು ಮತ್ತೆ ಹೋಗಲಿಲ್ಲ.